ಟೇಪಮ್ಮನ ಗೋಡೆ, ಸೊಸೆಯ ಕಪ್ಪು ಕಿಟಕಿ

ಕೊರಳಲ್ಲಿ ಅಳತೆ ಟೇಪು ಇಲ್ಲದೆ ಆಕೆಯನ್ನು ನೋಡಿದವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ. ಊಟಕ್ಕೆ ಕೂತರೂ ಟೇಪು, ಸಂತೆಗೆ ಹೋದರೂ ಟೇಪು, ಜ್ವರ ಬಂದು ಮಲಗಿದರೂ ದಿಂಬಿನ ಪಕ್ಕ ಟೇಪು. ಹೀಗಾಗಿ ಟೇಪಮ್ಮ ಅಂತಲೇ ಹೆಸರು ನಿಂತುಬಿಟ್ಟಿತ್ತು, ಹೆತ್ತವರು ಇಟ್ಟ ಹೆಸರನ್ನು ಆಕೆಯೇ ಒಂದು ಗಳಿಗೆ ಯೋಚಿಸಿ ಹೇಳಬೇಕಾಗುತ್ತಿತ್ತು. ಕಸುಬು ಹೊಲಿಗೆ. ಆದರೆ ಊರಿಗೆಲ್ಲ ಹೊಲಿಯುವ ಹೊಲಿಗೆಯಲ್ಲ. ಸಿದ್ಧ ಉಡುಪು ಯಾರ ಮೈಗೆ ಒಗ್ಗುವುದಿಲ್ಲವೋ ಅವರು ಆಕೆಯ ಹತ್ತಿರ ಬರುತ್ತಿದ್ದರು. ಒಂದು ಭುಜ ಇಳಿದವರು, ಬೆನ್ನು ಬಾಗಿದವರು, ಒಂದು ಕೈ ಗಿಡ್ಡವಾದವರು, ಆಪರೇಷನ್ ಆಗಿ ಎದೆ ಒಂದು ಕಡೆ ಬರಿದಾದವರು. ದೇವರು ಕತ್ತರಿಸುವಾಗ ಕೈ ತಪ್ಪಿದ್ದನ್ನು ನಾನು ಹೊಲಿಯುವಾಗ ಸರಿ ಮಾಡುತ್ತೇನೆ ಎನ್ನುವುದು ಟೇಪಮ್ಮನ ಜಂಬ. ಜಂಬ ಪಡಲಿ ಬಿಡಿ, ಸುಳ್ಳೇನಲ್ಲ.

ಇಂಥ ಹೊಲಿಗೆಗೆ ಪ್ರತಿ ಮೈಗೂ ಒಂದು ಮಾದರಿ ಬೇಕು. ಕಾಗದದಲ್ಲಿ ಆ ಮೈಯ ಆಕಾರ ಕತ್ತರಿಸಿ ಇಟ್ಟುಕೊಂಡರೆ ಆಮೇಲೆ ಬಟ್ಟೆಯ ಮೇಲೆ ಅದನ್ನಿಟ್ಟು ಗೆರೆ ಎಳೆದರಾಯಿತು. ಹಳೇ ಅಂಗಡಿಯಲ್ಲಿ ಒಂದು ಇಡೀ ಗೋಡೆಗೆ ಮೊಳೆ ಹೊಡೆಸಿ ಮಾದರಿಗಳನ್ನು ನೇತುಹಾಕಿದ್ದಳು. ರಸ್ತೆ ಅಗಲ ಮಾಡುವವರು ಬಂದು ಆ ಅಂಗಡಿಯನ್ನೇ ನುಂಗಿ ನೀರು ಕುಡಿದರು. ಮನೆಯ ಮುಂದಿನ ಕೋಣೆಯೇ ಅಂಗಡಿಯಾಯಿತು. ಅಲ್ಲಿ ಹೊಲಿಗೆ ಯಂತ್ರ, ಕತ್ತರಿಸುವ ಮೇಜು, ಗಿರಾಕಿಗಳಿಗೆ ಒಂದು ಆಳೆತ್ತರದ ಕನ್ನಡಿ, ಇಷ್ಟು ಹಿಡಿಸುವಷ್ಟರಲ್ಲಿ ಉಸಿರಾಡಲು ಜಾಗವಿರಲಿಲ್ಲ. ಗೋಡೆಯನ್ನು ಎಲ್ಲಿಂದ ತರುವುದು?

ಲಾರಿ ಓಡಿಸುವ ಮಗ ಒಂದು ಕಂಪ್ಯೂಟರ್ ತಂದುಕೊಟ್ಟ. ಆಗಷ್ಟೇ ಮನೆಗೆ ಬಂದಿದ್ದ ಸೊಸೆ ಆ ಕಾಗದಗಳನ್ನೆಲ್ಲ ಒಂದೊಂದಾಗಿ ಅದರೊಳಗೆ ಇಳಿಸಿಕೊಟ್ಟಳು. ಅಷ್ಟೇ ಅಲ್ಲ, ಗೋಡೆ ಒಡೆಯುವ ಮುಂಚೆ ಅದರದೊಂದು ಫೋಟೋ ಹಿಡಿದಿದ್ದಳಂತೆ, ಅದನ್ನೇ ಪರದೆಯ ತುಂಬ ಹರಡಿದಳು. ಟೇಪಮ್ಮ ಕಂಪ್ಯೂಟರ್ ಹಾಕಿದ ಮೊದಲ ದಿನ ನೋಡಿದರೆ ತನ್ನದೇ ಗೋಡೆ, ತನ್ನದೇ ಮೊಳೆಗಳು. ಮೌಸ್ ಹಿಡಿದು ಒಂದೊಂದು ಮಾದರಿಯನ್ನೂ ಎಳೆದು ಅದರದರ ಮೊಳೆಗೆ ನೇತುಹಾಕಿದಳು. ಎಡಗಡೆ ಭುಜ ಇಳಿದವರು. ಬಲಗಡೆ ಬೆನ್ನು ಬಾಗಿದವರು. ಮಧ್ಯದಲ್ಲಿ ಬಲ್ಬಿನ ಕೆಳಗೆ ಮನೆಯವರು. ಮೇಲೆ, ಸೂರಿನ ಹತ್ತಿರ, ತೀರಿಕೊಂಡವರು. ಸತ್ತರು ಅಂತ ಆಕೆ ಯಾರನ್ನೂ ತೆಗೆದುಹಾಕುವವಳಲ್ಲ. ಕೆಳಗಿನ ಮೂಲೆಯಲ್ಲಿ ಹಳೇ ಅಂಗಡಿಯಲ್ಲೂ ಚಿಂದಿ ಬುಟ್ಟಿ ಇರುತ್ತಿತ್ತು, ಇಲ್ಲೂ ಕಂಪ್ಯೂಟರಿನವರೇ ಒಂದು ಕಸದ ಬುಟ್ಟಿ ಇಟ್ಟಿದ್ದರು. ಅದರ ಪಕ್ಕಕ್ಕೆ ಬಂದು ಹೋಗುವವರು, ಅಂದರೆ ಒಂದು ಸಲ ಹೊಲಿಸಿಕೊಂಡು ಮತ್ತೆ ಈ ಕಡೆ ತಲೆ ಹಾಕದವರು.

ಒಂದಕ್ಕೂ ಹೆಸರು ಬರೆಯಲಿಲ್ಲ. ಹೊಸ ಚಿತ್ರ ಅಂತ ಯಂತ್ರವೇ ಹೆಸರಿಟ್ಟು ಹಿಂದೊಂದು ಅಂಕಿ ಅಂಟಿಸುತ್ತಿತ್ತು, ಅದೇ ಇರಲಿ ಅಂದಳು. ಹೆಸರು ಬರೆಯಿರಿ ಅತ್ತೆ, ಹುಡುಕುವಾಗ ಅನುಕೂಲ ಎಂದು ಸೊಸೆ ಹೇಳಿದ್ದಕ್ಕೆ, ನಿನ್ನ ಅಡುಗೆಮನೆ ಡಬ್ಬಿಗಳಿಗೆ ಚೀಟಿ ಅಂಟಿಸ್ತೀಯೇನೇ ಎಂದು ಕೇಳಿದಳು. ಉಪ್ಪು ಎಲ್ಲಿದೆ ಅನ್ನೋದು ಕೈಗೆ ಗೊತ್ತು, ಮತ್ತೆ ಬರಹ ಯಾಕೆ? ಜೊತೆಗೆ ಇನ್ನೊಂದು ಮಾತು: ಆಕೆಗೆ ಗಿರಾಕಿಗಳ ಹೆಸರು ನೆನಪಿರುತ್ತಿದ್ದದ್ದೇ ಕಡಿಮೆ. ಮೈ ನೆನಪಿರುತ್ತಿತ್ತು. ಬರೀ ಗೆರೆ ತೋರಿಸಿದರೂ ಸಾಕು, ಇದು ಹಾಲಿನವನ ಅಕ್ಕ, ಇದು ಬ್ಯಾಂಕಿನ ಕುಳ್ಳ ಅಂತ ಹೇಳಿಬಿಡುತ್ತಿದ್ದಳು. ಸೊಸೆಯನ್ನೂ ಹೆಸರು ಹಿಡಿದು ಕರೆದವಳಲ್ಲ. ಬಂದ ದಿನದಿಂದಲೂ ‘ಇವಳೇ’ ಅಂತಲೇ.

ಈಗ ಇವಳ ವಿಚಾರಕ್ಕೆ ಬರೋಣ. ಸೊಸೆಗೆ ನೀರು ಸರಬರಾಜು ಕಚೇರಿಯಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸ. ಮಾತು ಕಡಿಮೆ, ನಗು ಅದಕ್ಕಿಂತ ಕಡಿಮೆ. ಮನೆಯ ಕಂಪ್ಯೂಟರ್ ಮುನಿಸಿಕೊಂಡರೆ ಅವಳೇ ಬಂದು ಕೂರುತ್ತಿದ್ದಳು. ಕೂತವಳು ಮೌಸ್ ಮುಟ್ಟುತ್ತಿರಲಿಲ್ಲ. ಏನೋ ಒತ್ತಿದರೆ ಟೇಪಮ್ಮನ ಗೋಡೆಯ ಮೇಲೆ ಒಂದು ಕಪ್ಪು ಕಿಟಕಿ ತೆರೆದುಕೊಳ್ಳುತ್ತಿತ್ತು. ಅದರಲ್ಲಿ ಚಿತ್ರವಿಲ್ಲ, ಗುಂಡಿಯಿಲ್ಲ, ಒಂದು ಬಿಳಿ ಗೆರೆ ಮಾತ್ರ ಕಣ್ಣು ಮಿಟುಕಿಸುತ್ತಾ ಕೂತಿರುತ್ತಿತ್ತು. ಸೊಸೆ ಟಕಟಕ ಅಂತ ಏನೋ ಕುಟ್ಟುವಳು. ಅದು ಸಾಲುಗಟ್ಟಲೆ ಉತ್ತರ ಉಗುಳುವುದು. ಅವಳು ಹೂಂ ಅನ್ನುವಳು. ಕಿಟಕಿ ಮುಚ್ಚುವುದು. ಕಂಪ್ಯೂಟರ್ ಸರಿಯಾಗಿರುತ್ತಿತ್ತು.

ಸರಿಯಾಗುತ್ತಿತ್ತು, ಅದೇ ಟೇಪಮ್ಮನಿಗೆ ಸರಿಬರುತ್ತಿರಲಿಲ್ಲ. ಮೌಸಿನ ಕೆಲಸದಲ್ಲಿ ಒಂದು ಮರ್ಯಾದೆಯಿದೆ ಅಂತ ಆಕೆಯ ವಾದ. ಯಾವುದನ್ನು ಎತ್ತಿದೆ, ಎಲ್ಲಿಗೆ ಒಯ್ದೆ, ಎಲ್ಲಿಟ್ಟೆ, ಪಕ್ಕದಲ್ಲಿ ನಿಂತವರಿಗೂ ಕಾಣುತ್ತದೆ. ಈ ಕಪ್ಪು ಕಿಟಕಿಯಲ್ಲಿ ಕಳ್ಳಗಂಟು ದಾಟಿಸಿದರೂ ಗೊತ್ತಾಗುವುದಿಲ್ಲ. ಮಂತ್ರ ಹಾಕಿದ ಹಾಗೆ ಎರಡು ಮಾತು ಕುಟ್ಟಿದರೆ ಒಳಗೆ ಏನು ಎಲ್ಲಿಗೆ ಹೋಯಿತೋ ಆ ದೇವರಿಗೇ ಗೊತ್ತು. ಅಲ್ಲ, ತೆರೆದ ಬಾಗಿಲಿರುವಾಗ ಹಿತ್ತಿಲಿನಿಂದ ಯಾಕೆ ಓಡಾಡಬೇಕು?

ಇಷ್ಟಾದರೆ ಗೊಣಗಾಟದಲ್ಲೇ ಮುಗಿಯುತ್ತಿತ್ತು. ಅಷ್ಟರಲ್ಲಿ ಎದುರು ರಸ್ತೆಗೆ ಗಾಜಿನ ಬಾಗಿಲಿನ ರೆಡಿಮೇಡ್ ಅಂಗಡಿ ಬಂತು. ಅದರ ಮಾಲೀಕ ಒಂದು ದಿನ ಬಂದು ಟೇಪಮ್ಮನ ಮೇಜಿನ ಮುಂದೆ ಕೂತು, ಬಾಯಲ್ಲಿ ಬೆಲ್ಲ ಇಟ್ಟುಕೊಂಡೇ ಮಾತಾಡಿದ. ನಿಮ್ಮ ಮಾದರಿಗಳನ್ನೆಲ್ಲ ನಮಗೆ ಕೊಡಿ, ನಿಮಗೂ ವಯಸ್ಸಾಯಿತು, ಇನ್ನೆಷ್ಟು ದಿನ ಕಣ್ಣು ನೋಯಿಸಿಕೊಳ್ಳುತ್ತೀರಿ ಎಂದ. ಟೇಪಮ್ಮ ಕತ್ತರಿಯನ್ನು ಮೇಜಿನ ಮೇಲಿಟ್ಟು, ಎದ್ದು ಹೋಗುವ ದಾರಿ ಗೊತ್ತಲ್ಲ ಎಂದಳು. ಅವನು ಹೋದ. ಅದಾಗಿ ಕೆಲವೇ ದಿನಕ್ಕೆ, ತರಕಾರಿ ತರಲು ಹೋದ ಟೇಪಮ್ಮ ಬಸ್ ನಿಲ್ದಾಣದ ಕಡೆ ನೋಡಿದರೆ ಅದೇ ಮಾಲೀಕ ಸೊಸೆಯ ಜೊತೆ ನಿಂತು ಮಾತಾಡುತ್ತಿದ್ದಾನೆ. ಸೊಸೆ ಏನೋ ಹೇಳಿದಳು. ಅವನು ತಲೆಯಾಡಿಸಿದ.

ಮನೆಗೆ ಬಂದ ಸೊಸೆ ಆ ವಿಷಯ ಬಾಯಿ ಬಿಡಲಿಲ್ಲ. ಟೇಪಮ್ಮನೂ ಕೇಳಲಿಲ್ಲ. ಕೇಳಿದರೆ ಸುಳ್ಳು ಹೇಳುತ್ತಾಳೆ, ಕೇಳದಿದ್ದರೆ ಸಿಕ್ಕಿಬೀಳುತ್ತಾಳೆ ಅಂತ ಆಕೆಯ ಲೆಕ್ಕ. ಅನುಮಾನ ಅನ್ನೋದು ಮನೆಗೆ ಹೊಕ್ಕ ಇಲಿ ಇದ್ದ ಹಾಗೆ, ಕಣ್ಣಿಗೆ ಕಾಣದಿದ್ದರೂ ಸದ್ದಿನಲ್ಲೇ ನಿದ್ದೆ ಕೆಡಿಸುತ್ತದೆ.

ಮುಂದಿನ ವಾರ ಅಂಚೆಯಮ್ಮ ಬಂದಳು. ಬೀದಿಗೆಲ್ಲ ಕಾಗದ ಹಂಚುವ ಹೆಂಗಸು, ಭಾರದ ಚೀಲ ಹೊತ್ತೂ ಹೊತ್ತೂ ಅವಳ ಎಡಭುಜ ಇಳಿದುಹೋಗಿತ್ತು. ಟೇಪಮ್ಮನ ಹಳೇ ಗಿರಾಕಿ. ಗೋಡೆಯ ಎಡಗಡೆ ಮೊದಲ ಮೊಳೆಯೇ ಅವಳದು. ಬಂದವಳ ಮೈಮೇಲೆ ಹೊಸ ಕೋಟು, ಟೇಪಮ್ಮ ಹೊಲಿದದ್ದಲ್ಲ. ಕಾಲರಿನಲ್ಲಿ ರೆಡಿಮೇಡ್ ಅಂಗಡಿಯ ಚೀಟಿ. ಆದರೆ ಭುಜಕ್ಕೆ ಬೆಣ್ಣೆ ಸವರಿದ ಹಾಗೆ ಕೂತಿತ್ತು. ಅಂಚೆಯಮ್ಮ ಸಹಿ ಹಾಕಿಸಿಕೊಳ್ಳಲು ಕೈ ಚಾಚಿದಾಗ ಟೇಪಮ್ಮನ ಕಣ್ಣು ಕಂಕುಳಿಗೆ ಹೋಯಿತು. ಅಲ್ಲಿತ್ತು, ಓರೆಯಾಗಿ ಹಿಡಿದ ಸಣ್ಣ ಮಡಿಕೆ. ಇಳಿದ ಭುಜವನ್ನು ಮರೆಮಾಚುವ ಆ ಮಡಿಕೆಗೆ ಆಕೆ ಇಟ್ಟ ಹೆಸರೇ ಕಳ್ಳಮಡಿಕೆ. ಅದು ಆಕೆಯ ಕೈಯಿಂದ ಹುಟ್ಟಿದ್ದು. ಇನ್ನೊಬ್ಬರು ಹಿಡಿದದ್ದನ್ನು ಆಕೆ ಈ ಜನ್ಮದಲ್ಲಿ ನೋಡಿರಲಿಲ್ಲ.

ಸಹಿ ಹಾಕಿದಳೋ ಗೀಚಿದಳೋ. ಅಂಚೆಯಮ್ಮ ಹೋದ ಮೇಲೆ ಕುರ್ಚಿಗೆ ಕುಸಿದು ಕೂತಳು. ಮಾದರಿ ಹೋದರೆ ಆಕೆಯ ಬಳಿ ಉಳಿಯುವುದೇನು? ಕತ್ತರಿ ಎಲ್ಲರ ಹತ್ತಿರವೂ ಇದೆ, ಯಂತ್ರ ಎಲ್ಲರ ಹತ್ತಿರವೂ ಇದೆ. ಆಕೆಯ ಆಯುಷ್ಯವೆಲ್ಲ ಆ ಗೆರೆಗಳಲ್ಲಿತ್ತು.

ಜೆರಾಕ್ಸ್ ಅಂಗಡಿಯವನನ್ನು ಕೇಳಲು ಹೋದಳು. ಕಂಪ್ಯೂಟರ್ ವಿಷಯದಲ್ಲಿ ಆ ಬೀದಿಗೆ ಅವನೇ ಪಂಡಿತ, ಹಾಳೂರಿಗೆ ಉಳಿದವನೇ ಗೌಡ ಅನ್ನುವಂತೆ. ಕಪ್ಪು ಕಿಟಕಿ ಅಂದ ಕೂಡಲೇ ಅವನು ಯಂತ್ರ ನಿಲ್ಲಿಸಿದ. ಅದು ಒಳ್ಳೆಯವರು ಬಳಸುವ ವಸ್ತುವಲ್ಲ ಅಂದ. ಸಿನಿಮಾಗಳಲ್ಲಿ ಬ್ಯಾಂಕ್ ದೋಚುವವರು ಕುಟ್ಟುವುದು ಅದನ್ನೇ ಅಂದ. ನಮ್ಮ ನಿಮ್ಮಂಥವರಿಗೆ ಅಂತಲೇ ಚಿತ್ರ, ಗುಂಡಿ, ಬಾಣ ಎಲ್ಲ ಮಾಡಿಕೊಟ್ಟಿರುವಾಗ ಅದನ್ನು ಬಿಟ್ಟು ಅಲ್ಲಿಗೆ ಯಾಕೆ ಹೋಗುತ್ತಾರೆ ನೀವೇ ಹೇಳಿ ಅಂದ. ನೀನು ಅದನ್ನು ಯಾವತ್ತಾದರೂ ತೆರೆದಿದ್ದೀಯಾ ಅಂತ ಟೇಪಮ್ಮ ಕೇಳಲಿಲ್ಲ. ಬೇಕಾದ ಉತ್ತರ ಸಿಕ್ಕಿದ ಮೇಲೆ ಯಾರು ತಾನೇ ಎರಡನೇ ಪ್ರಶ್ನೆ ಕೇಳುತ್ತಾರೆ?

ಅಂದಿನಿಂದ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯತೊಡಗಿದಳು. ಕತ್ತರಿಸುವ ಮೇಜಿನ ಹಿಂದೆ ನಿಂತರೆ ಆಳೆತ್ತರದ ಕನ್ನಡಿಯಲ್ಲಿ ಕಂಪ್ಯೂಟರಿನ ಪರದೆ ಕಾಣುತ್ತಿತ್ತು. ಗಿರಾಕಿಗಳಿಗೆ ಅಂತ ಇಟ್ಟ ಕನ್ನಡಿ ಸೊಸೆಗೆ ಕಾವಲಾಯಿತು. ಸೊಸೆ ಕಂಪ್ಯೂಟರ್ ಮುಂದೆ ಕೂತರೆ ಟೇಪಮ್ಮ ಬಟ್ಟೆ ಕತ್ತರಿಸುವ ನೆಪದಲ್ಲಿ ಕನ್ನಡಿ ನೋಡುವಳು. ಅಕ್ಷರಗಳು ತಿರುಗುಮುರುಗಾಗಿ ಕಂಡರೂ ಚಿಂತೆಯಿಲ್ಲ, ಆಕೆಗೆ ಅವು ನೇರವಾಗಿದ್ದರೂ ಅಷ್ಟಕ್ಕಷ್ಟೆ. ಹೀಗೆ ನೋಡುತ್ತಾ ಒಬ್ಬ ಗಿರಾಕಿಯ ತೋಳನ್ನು ಗಿಡ್ಡ ಕತ್ತರಿಸಿದಳು, ಅದನ್ನೂ ಸೊಸೆಯ ಲೆಕ್ಕಕ್ಕೇ ಬರೆದಳು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಸೊಸೆ ಬೇಗ ಎದ್ದರೆ ಯಾಕೆ ಬೇಗ ಎದ್ದಳು, ಫೋನಿನಲ್ಲಿ ಮೆಲ್ಲಗೆ ಮಾತಾಡಿದರೆ ಯಾರ ಜೊತೆ, ಜೋರಾಗಿ ಮಾತಾಡಿದರೆ ಯಾರಿಗೆ ಕೇಳಿಸಲಿ ಅಂತ.

ದಾರಿಯಲ್ಲಿದ್ದ ಮಗನಿಗೆ ಫೋನ್ ಮಾಡಿ ನಿನ್ನ ಹೆಂಡತಿಯ ಮೇಲೆ ನನಗೆ ನಂಬಿಕೆಯಿಲ್ಲ ಅಂದಳು. ಲಾರಿಯ ಸದ್ದಿನಲ್ಲಿ ಅವನಿಗೆ ಅರ್ಧ ಕೇಳಿಸಿತು. ನಾನು ಬರೋವರೆಗೂ ಏನೂ ಮಾಡಬೇಡಮ್ಮ ಅಂದ. ಅವನು ಹಾಗಂದದ್ದೂ ಆಕೆಗೆ ಸಂಶಯವೇ. ಇವನಿಗೂ ಗೊತ್ತಿರಬಹುದೇ?

ಒಂದು ಸಂಜೆ ಸೊಸೆ ಕಚೇರಿಯಿಂದ ಬಂದವಳೇ ಬಟ್ಟೆಯೂ ಬದಲಿಸದೆ ಕಂಪ್ಯೂಟರಿಗೆ ಕೂತಳು. ಚೀಲದಿಂದ ಒಂದು ಹೊಸ ಪೆಟ್ಟಿಗೆ ತೆಗೆದಳು, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ಬಾಲದಂಥ ತಂತಿ ಇದ್ದದ್ದು. ಅದನ್ನು ಕಂಪ್ಯೂಟರಿಗೆ ಸಿಕ್ಕಿಸಿದಳು. ಕಪ್ಪು ಕಿಟಕಿ ತೆರೆಯಿತು. ಕನ್ನಡಿಯಲ್ಲಿ ಸಾಲುಗಳು ಓಡತೊಡಗಿದವು. ಪ್ರತಿ ಸಾಲಿನ ಕೊನೆಗೂ ಒಂದು ಅಂಕಿ. ಟೇಪಮ್ಮ ಕತ್ತರಿ ಕೆಳಗಿಟ್ಟಳು. ಯಾವುದು ಯಾರದೋ ಗೊತ್ತಿಲ್ಲದಿದ್ದರೂ, ಚಿತ್ರಗಳ ಹಿಂದೆ ಯಂತ್ರ ಅಂಟಿಸುತ್ತಿದ್ದ ಅಂಕಿಗಳು ಇವೇ ಅಂತ ಆಕೆಗೆ ಗೊತ್ತಾಯಿತು. ಅವು ತನ್ನ ಮಾದರಿಗಳು. ಅಂಚೆಯಮ್ಮ, ಹಾಲಿನವನ ಅಕ್ಕ, ಬ್ಯಾಂಕಿನ ಕುಳ್ಳ, ತೀರಿಕೊಂಡ ಗಂಡ, ಎಲ್ಲರೂ ಒಬ್ಬರ ಹಿಂದೊಬ್ಬರು ಆ ಪೆಟ್ಟಿಗೆಯೊಳಗೆ ಇಳಿದು ಹೋಗುತ್ತಿದ್ದರು. ಪೆಟ್ಟಿಗೆಯ ತಲೆಯ ಮೇಲೊಂದು ದೀಪ ಮಿಣಮಿಣ ಅನ್ನುತ್ತಿತ್ತು.

ಸೊಸೆ ಚಹಾಕ್ಕಿಡಲು ಅಡುಗೆಮನೆಗೆ ಹೋದಳು. ಕಣ್ಣೆದುರೇ ಮನೆ ದೋಚಿ ನಡುವೆ ಚಹಾ ಬೇರೆ ಕುಡಿಯುತ್ತಾಳಲ್ಲ ಅಂತ ಟೇಪಮ್ಮನಿಗೆ ಮೈಯೆಲ್ಲ ಉರಿಯಿತು. ಮೇಜು ಸುತ್ತಿಕೊಂಡು ಬಂದಳು. ಯಾವುದನ್ನು ಒತ್ತಿದರೆ ಆ ಓಟ ನಿಲ್ಲುತ್ತದೆ ಅಂತ ಹುಡುಕಿದಳು. ಚಿತ್ರದ ಕಿಟಕಿಯಾಗಿದ್ದರೆ ಎಲ್ಲಾದರೂ ಬೇಡ ಅನ್ನುವ ಗುಂಡಿ ಕಣ್ಣಿಗೆ ಬೀಳುತ್ತಿತ್ತು. ಇದರಲ್ಲಿ ಆಕೆಗೆ ಬೇಡ ಅನ್ನಲು ಜಾಗವೇ ಕಾಣಲಿಲ್ಲ. ಬಗ್ಗಿ ಗೋಡೆಯಲ್ಲಿದ್ದ ಪ್ಲಗ್ಗನ್ನು ಕಿತ್ತಳು.

ಪರದೆ ಕಣ್ಣು ಮುಚ್ಚಿತು. ಸೊಸೆ ಎರಡು ಲೋಟ ಹಿಡಿದು ಬಂದು ಬಾಗಿಲಲ್ಲಿ ನಿಂತಳು. ಅತ್ತೆಯ ಕೈಯಲ್ಲಿ ತಂತಿ. ಸೊಸೆ ಲೋಟಗಳನ್ನು ಮೇಜಿನ ಮೇಲಿಟ್ಟು, ಪ್ಲಗ್ ಹಾಕಿ, ಕಂಪ್ಯೂಟರ್ ಹಚ್ಚಿದಳು. ಒಳಗೆ ಟಿಕ್ ಟಿಕ್ ಅಂತ ಯಾರೋ ಉಗುರಿನಲ್ಲಿ ಬಡಿದ ಹಾಗೆ ಸದ್ದಾಯಿತು. ಆಮೇಲೆ ಅದೂ ನಿಂತಿತು.

“ನಾಳೆಯಿಂದ ನನ್ನ ಅಂಗಡಿಯೊಳಗೆ ಕಾಲಿಡಬೇಡ,” ಅಂದಳು ಟೇಪಮ್ಮ. “ಯಾರಿಗೆ ಮಾರಿಕೊಂಡ್ಯೋ ಅವರ ಮನೆಗೇ ಹೋಗಿ ಕೂತ್ಕೋ.”

ಸೊಸೆಯ ಮುಖ ಬಿಳುಚಿಕೊಂಡಿತು. ಮಾರಿಕೊಂಡೆನಾ ಅಂತ ಬಾಯಲ್ಲೇ ಅಂದುಕೊಂಡಳು. ಆಮೇಲೆ ಆ ಪುಟ್ಟ ಪೆಟ್ಟಿಗೆಯನ್ನು ಕಿತ್ತು, ಹೊಲಿಗೆ ಯಂತ್ರದ ಮೇಲೆ, ಟೇಪಮ್ಮನ ಕೈಗೆ ಸಿಗುವಲ್ಲಿ ಇಟ್ಟು, ಒಳಗೆ ಹೋದಳು. ಟೇಪಮ್ಮ ಅದನ್ನು ಒಂದು ಬಟ್ಟೆಯಲ್ಲಿ ಸುತ್ತಿ ಬೀರುವಿಗೆ ಹಾಕಿ ಬೀಗ ಜಡಿದಳು. ಕಳ್ಳಮಾಲು ಸಿಕ್ಕಿತು, ಗೆದ್ದೆ ಅಂದುಕೊಂಡಳು. ಗೆದ್ದವಳಿಗೆ ಅನ್ನ ಯಾಕೆ ಸೇರಲಿಲ್ಲವೋ.

ಮರುದಿನ ಅಂಚೆಯಮ್ಮ ಅದೇ ಕೋಟು ತೊಟ್ಟು ಬಂದಳು. ಟೇಪಮ್ಮನಿಗೆ ತಡೆಯಲಾಗಲಿಲ್ಲ. ಕೋಟು ಚೆನ್ನಾಗಿ ಹೊಲಿದಿದ್ದಾರಲ್ಲ, ನಿನ್ನ ಅಳತೆ ಅವರಿಗೆ ಎಲ್ಲಿಂದ ಸಿಕ್ಕಿತು ಎಂದು ನಗುತ್ತಲೇ ಕೇಳಿದಳು. ಅಂಚೆಯಮ್ಮ ನಾಲಿಗೆ ಕಚ್ಚಿಕೊಂಡಳು. ಬೇಜಾರು ಮಾಡ್ಕೋಬೇಡಿ ಅಂತ ಶುರುಮಾಡಿ ಎಲ್ಲ ಹೇಳಿದಳು. ಟೇಪಮ್ಮ ಹೊಲಿದ ಹಳೇ ಕೋಟು ಮೊಣಕೈಯಲ್ಲಿ ಹರಿದಿತ್ತಂತೆ. ಅದನ್ನೇ ರೆಡಿಮೇಡ್ ಅಂಗಡಿಗೆ ಕೊಟ್ಟಳಂತೆ. ಅವರು ಹೊಲಿಗೆ ಒಂದೊಂದನ್ನೂ ಬಿಚ್ಚಿ, ತುಂಡುಗಳನ್ನು ಹೊಸ ಬಟ್ಟೆಯ ಮೇಲೆ ಹರಡಿ ಕತ್ತರಿಸಿದರಂತೆ. ಕಂಕುಳ ಮಡಿಕೆ ಯಾಕಿದೆ ಅಂತ ಅವರಿಗೆ ಅರ್ಥವಾಗದೆ, ಇದ್ದ ಹಾಗೇ ಮಡಚಿಬಿಟ್ಟರಂತೆ.

ಇಷ್ಟೇ. ಕಂಪ್ಯೂಟರ್ ಇಲ್ಲ, ಕಪ್ಪು ಕಿಟಕಿ ಇಲ್ಲ, ಒಂದು ಬ್ಲೇಡು.

ಚೀಲ ಹೆಗಲಿಗೇರಿಸುತ್ತಾ ಅಂಚೆಯಮ್ಮ ಇನ್ನೂ ಒಂದು ಮಾತು ಎಸೆದು ಹೋದಳು. ನಿಮ್ಮ ಸೊಸೆ ಗಟ್ಟಿಗಿತ್ತಿ ಕಣ್ರೀ. ಆ ಅಂಗಡಿಯವ ಬಸ್ ನಿಲ್ದಾಣದಲ್ಲಿ ಮಾದರಿಗಳನ್ನು ತಂದುಕೊಡು ಅಂತ ಕೇಳಿದ್ದಕ್ಕೆ, ಅವು ನಮ್ಮತ್ತೆಯ ಕಣ್ಣು, ಕಣ್ಣನ್ನ ಕೇಳೋಕೆ ನಾಚಿಕೆಯಾಗಲ್ವಾ ಅಂದಳು. ನಾನಲ್ಲೇ ನಿಂತಿದ್ದೆ. ಅವನು ತಲೆಯಾಡಿಸಿಕೊಂಡು ಜಾಗ ಖಾಲಿ ಮಾಡಿದ.

ಟೇಪಮ್ಮ ಕೂತಲ್ಲೇ ಕೂತಳು. ನಾಚಿಕೆ ಅನ್ನುವುದು ಮೊದಲು ಕಿವಿಗೆ ಬರುತ್ತದಂತೆ, ಆಕೆಯ ಕಿವಿಗಳು ಸುಡುತ್ತಿದ್ದವು. ಆದರೂ ನೋಡಿ, ಅನುಮಾನಕ್ಕೆ ಏಳು ಜನ್ಮ. ಮಾರಲಿಲ್ಲ ಸರಿ, ಹಾಗಾದರೆ ಕದ್ದುಮುಚ್ಚಿ ಅದನ್ನೆಲ್ಲ ಪೆಟ್ಟಿಗೆಗೆ ತುಂಬಿದ್ದು ಯಾಕೆ ಅಂತ ಒಳಗಿನಿಂದ ಒಂದು ದನಿ ಕೆದಕುತ್ತಲೇ ಇತ್ತು.

ಸಂಜೆ ಸೊಸೆ ಬಂದು ಅಂಗಡಿಯ ಬಾಗಿಲು ದಾಟದೆ ಪಕ್ಕದ ಓಣಿಯಿಂದ ಒಳಗೆ ಹೋದಳು. ಟೇಪಮ್ಮ ಅಡುಗೆಮನೆ ಬಾಗಿಲಿಗೆ ಹೋಗಿ ನಿಂತಳು. ತಪ್ಪಾಯ್ತು ಅನ್ನಲು ಬಾಯಿ ಬರಲಿಲ್ಲ. ಕಂಪ್ಯೂಟರ್ ಹತ್ತುತ್ತಿಲ್ಲ ಅಂದಳು. ಹತ್ತಲ್ಲ ಅಂದಳು ಸೊಸೆ, ತಿರುಗಿ ನೋಡದೆ. ಅದರೊಳಗೆ ಎಲ್ಲವನ್ನೂ ಇಟ್ಟುಕೊಳ್ಳುವ ತಟ್ಟೆ, ಅದೇ ಹಾರ್ಡ್ ಡಿಸ್ಕು, ಸಾಯುತ್ತಾ ಬಂದಿತ್ತು, ಟಿಕ್ ಟಿಕ್ ಅಂತ ನರಳುತ್ತಿತ್ತು, ನಿಮಗೆ ಹೇಳಿದ್ದೆ, ನೀವು ಯಂತ್ರ ತುಳಿಯುತ್ತಾ ಹೂಂ ಅಂದಿರಿ ಎಂದಳು. ಟೇಪಮ್ಮನಿಗೆ ಹೂಂ ಅಂದದ್ದು ನೆನಪಾಯಿತು. ಯಾವುದಕ್ಕೆ ಅಂತ ಮಾತ್ರ ನೆನಪಿರಲಿಲ್ಲ.

“ಹಾಗಾದ್ರೆ ನನ್ನ ಕಣ್ಣೆದುರಿಗೇ, ಮೌಸಲ್ಲಿ ಎಳೆದು ಹಾಕಬಹುದಿತ್ತಲ್ಲ?”

ಸೊಸೆ ಈಗ ತಿರುಗಿದಳು. ಎಳೆದು ನೋಡಿದ್ದಳಂತೆ. ಕೆಟ್ಟುಹೋದ ಒಂದು ಚಿತ್ರ ಅಡ್ಡ ಸಿಕ್ಕಿದರೂ ಸಾಕು, ಚಿತ್ರದ ಕಿಟಕಿ ಅಲ್ಲೇ ಮುಷ್ಕರ ಹೂಡಿ ಕೂರುತ್ತಿತ್ತಂತೆ. ಕಪ್ಪು ಕಿಟಕಿಗೆ ಹೇಳಿದರೆ ಅದು ಕೆಟ್ಟದ್ದನ್ನು ಪಕ್ಕಕ್ಕಿಟ್ಟು ಮುಂದೆ ಹೋಗುತ್ತದೆ, ಮತ್ತೆ ಹಿಂದೆ ಬಂದು ಅದನ್ನೂ ಎತ್ತಲು ನೋಡುತ್ತದೆ, ಏನು ಸಿಕ್ಕಿತು ಏನು ಸಿಕ್ಕಲಿಲ್ಲ ಅಂತ ವರದಿ ಕೊಡುತ್ತದೆ. ನೀವು ಪ್ಲಗ್ ಕೀಳುವಾಗ ಎಲ್ಲ ಬಂದಾಗಿತ್ತು, ಸರಿಯಾಗಿ ಬಂದಿದೆಯಾ ಅಂತ ಇನ್ನೊಂದು ಸಲ ಎಣಿಸುತ್ತಿತ್ತು, ನಿಮ್ಮ ಮೈಗಳೆಲ್ಲ ಆ ಪೆಟ್ಟಿಗೆಯಲ್ಲಿ ಕ್ಷೇಮ ಅಂದಳು. ಟೇಪಮ್ಮ ಸೊಂಟದಿಂದ ಬೀಗದಕೈ ಬಿಚ್ಚಿ ಸೊಸೆಯ ಕೈಯಲ್ಲಿಟ್ಟಳು. ಆಕೆಯ ಮಟ್ಟಿಗೆ ಅದು ಕಾಲಿಗೆ ಬಿದ್ದಷ್ಟೇ.

ಹೊಸ ತಟ್ಟೆ ಹಾಕಿ ಕಂಪ್ಯೂಟರಿಗೆ ಜೀವ ಬಂದ ದಿನ ಟೇಪಮ್ಮ ಓಡಿಬಂದು ನೋಡಿದರೆ ಗೋಡೆ ಇರಲಿಲ್ಲ. ಅಂದರೆ ಗೋಡೆಯ ಫೋಟೋ ಇತ್ತು, ಮೊಳೆಗಳಿದ್ದವು, ಆದರೆ ಮಾದರಿಗಳೆಲ್ಲ ಎಡಗಡೆಯಿಂದ ಸಾಲಾಗಿ, ರೇಷನ್ನಿಗೆ ನಿಂತ ಜನರ ಹಾಗೆ ಒಂದಕ್ಕೊಂದು ಅಂಟಿ ನಿಂತಿದ್ದವು. ಸತ್ತವರು ಬದುಕಿದ್ದವರು, ಮನೆಯವರು ಹೊರಗಿನವರು, ಎಲ್ಲ ಕಲಸುಮೇಲೋಗರ. ಯಾವುದು ಎಲ್ಲಿತ್ತು ಅನ್ನುವುದು ಚಿತ್ರಗಳೊಳಗೆ ಇರಲಿಲ್ಲ ಅತ್ತೆ, ಆ ಸತ್ತ ತಟ್ಟೆಯಲ್ಲಿತ್ತು, ಅದು ಹೋಯಿತು ಎಂದಳು ಸೊಸೆ. ಟೇಪಮ್ಮ ತಲೆ ಮೇಲೆ ಕೈ ಹೊತ್ತಳು. ಅಂಕಿ ನೋಡಿದರೆ ಆಕೆಗೆ ಒಬ್ಬರೂ ಗೊತ್ತಾಗುವುದಿಲ್ಲ.

ಒಂದೊಂದನ್ನೇ ತೆರೆಯುತ್ತೇನೆ, ಯಾರು ಅಂತ ಹೇಳಿ, ಹೆಸರು ಬರೆದುಬಿಡುತ್ತೇನೆ ಅಂದಳು ಸೊಸೆ. ಕಪ್ಪು ಕಿಟಕಿಯಲ್ಲಿ ಬರೆಯುವುದು ಬೇಗವಂತೆ. ಟೇಪಮ್ಮ ಈ ಸಲ ಕನ್ನಡಿಯಲ್ಲಲ್ಲ, ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಳು. ಸಹಾಯಕ್ಕೂ ಹೌದು, ಕಾವಲಿಗೂ ಹೌದು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲವಲ್ಲ.

ಮೊದಲ ಗೆರೆ ಬಂತು. ಅಂಚೆಯಮ್ಮ ಅಂದಳು. ಸೊಸೆ ಕುಟ್ಟಿದಳು. ಎರಡನೆಯದು, ಬ್ಯಾಂಕಿನ ಕುಳ್ಳ. ಮುಂದಿನದಕ್ಕೆ ಟೇಪಮ್ಮನ ದನಿ ಸಣ್ಣದಾಯಿತು. ಅದು ಗಂಡನ ಅಂಗಿ, ಕೊನೆಕೊನೆಗೆ ಅವನು ಸೊರಗಿದಾಗ ಹೊಲಿದದ್ದು. ಸೊಸೆ ಮಾವ ಅಂತ ಬರೆದು ಒಂದು ಗಳಿಗೆ ಕೈ ಹಿಂದಕ್ಕೆ ತೆಗೆದುಕೊಂಡಳು. ಹೀಗೇ ಸಾಗಿತು. ಟೇಪಮ್ಮ ಒಂದರಲ್ಲೂ ತಪ್ಪಲಿಲ್ಲ. ಬೆನ್ನ ಗೂನು ನೋಡಿ ಬಡಗಿ, ತೋಳಿನ ದಪ್ಪ ನೋಡಿ ಹಿಟ್ಟಿನ ಗಿರಣಿಯವನ ಹೆಂಡತಿ, ಬರೀ ಕಾಲರ್ ನೋಡಿ ದಂತವೈದ್ಯೆ. ಸೊಸೆಗೆ ನಗು ಬಂತು. ಜನರನ್ನು ಗುರುತಿಸಲು ನಿಮಗೆ ಬೆರಳಚ್ಚೇ ಬೇಡ ಅತ್ತೆ ಅಂದಳು. ಟೇಪಮ್ಮ ಉಬ್ಬಿಹೋದಳು. ನನ್ನ ಕೈ ಹಾದುಹೋದ ಮೈಯನ್ನು ಸತ್ತರೂ ಮರೆಯಲ್ಲ ಕಣೇ ಇವಳೇ ಅಂದಳು. ಅತ್ತೆ ಸೊಸೆ ಹೀಗೆ ಭುಜ ತಾಗಿಸಿ ಕೂತದ್ದು ಆ ಮನೆಯಲ್ಲಿ ಅದೇ ಮೊದಲು.

ಕೊನೆಕೊನೆಗೆ ಒಂದು ಕೋಟು ಬಂತು. ಸಪೂರ ಸೊಂಟ, ಅಗಲ ಭುಜ, ಬಲಗೈ ಎಡಗೈಗಿಂತ ಕೂದಲೆಳೆ ಉದ್ದ. ಟೇಪಮ್ಮ ಕಣ್ಣು ಕಿರಿದಾಗಿಸಿದಳು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿದಳು. ಗೆರೆ ತನ್ನ ಕೈಯದೇ, ಅದರಲ್ಲಿ ಅನುಮಾನವಿಲ್ಲ. ಮೈ ಮಾತ್ರ ಹೊಳೆಯಲಿಲ್ಲ.

“ಯಾರೋ ಬಂದು ಹೋದೋರು,” ಅಂದಳು. “ಬುಟ್ಟಿ ಪಕ್ಕ ಇದ್ದದ್ದಿರಬೇಕು. ತೆಗೆದುಹಾಕು ಅದನ್ನ.”

ಸೊಸೆಯ ಬೆರಳುಗಳು ನಿಂತವು. ಕಪ್ಪು ಕಿಟಕಿಯಲ್ಲಿ ಬಿಳಿ ಗೆರೆ ಮಿಟುಕುತ್ತಾ ಕಾಯುತ್ತಿತ್ತು. ಟೇಪಮ್ಮನೊಳಗಿನ ಇಲಿ ಎದ್ದು ಕೂತಿತು. ಇದೊಂದನ್ನು ತೆಗೆಯಲು ಇವಳಿಗೇಕೆ ಮನಸ್ಸಿಲ್ಲ? ಇದರಲ್ಲೇನೋ ಇದೆ. ಯಾಕೆ, ಅಳಿಸೋಕೆ ಬರಲ್ವಾ ಅಂತ ಕೇಳಿದಳು.

“ಇಲ್ಲಿ ಬುಟ್ಟಿ ಇಲ್ಲ ಅತ್ತೆ. ಅಳಿಸಿದ್ರೆ ಹೋಯ್ತು,” ಅಂದಳು ಸೊಸೆ, ಪರದೆಯಿಂದ ಕಣ್ಣು ತೆಗೆಯದೆ. “ಬುಟ್ಟಿ ಪಕ್ಕ ಇದ್ದದ್ದು ಹೌದು. ನಾನು ಕೆಲಸಕ್ಕೆ ಸೇರಿದ ದಿನ ಹಾಕ್ಕೊಳ್ಳೋಕೆ ಅಂತ ನೀವು ಹೊಲಿದುಕೊಟ್ಟ ಕೋಟು ಇದು. ಅದು ನಾನು.”

ಟೇಪಮ್ಮನಿಗೆ ನೆನಪು ಬಂತು, ಬರಬಾರದಷ್ಟು ಸ್ಪಷ್ಟವಾಗಿ. ಮಗ ತಾನೇ ನೋಡಿ ಕಟ್ಟಿಕೊಂಡು ಬಂದ ಹೆಣ್ಣು, ಎಷ್ಟು ದಿನ ಇರುತ್ತಾಳೋ ಅಂತ ಆಗ ಆಕೆಗೆ ಸಂಶಯ. ಬಲ್ಬಿನ ಕೆಳಗೆ ಮನೆಯವರ ಸಾಲಿನಲ್ಲಿ ಒಂದು ಮೊಳೆ ಖಾಲಿ ಇದ್ದರೂ, ಸದ್ಯಕ್ಕೆ ಇಲ್ಲಿರಲಿ ಅಂತ ಮೌಸಿನಿಂದ ಎಳೆದು ಮೂಲೆಗೆ ಬಿಟ್ಟಿದ್ದಳು. ಸದ್ಯಕ್ಕೆ ಅಂದದ್ದು ವರ್ಷಗಳೇ ಆಗಿತ್ತು. ಆಮೇಲೆ ಆ ಮೈಯನ್ನು ಅಳೆದಿರಲಿಲ್ಲ, ನೋಡಿಯೂ ಇರಲಿಲ್ಲ. ಕನ್ನಡಿಯಲ್ಲಿ ಕಣ್ಣಿಟ್ಟು ಕಾದದ್ದು ಪರದೆಯನ್ನೇ ಹೊರತು ಅದರ ಮುಂದೆ ಕೂತಿದ್ದವಳನ್ನಲ್ಲ. ಕಂಪ್ಯೂಟರ್ ಹಚ್ಚಿದಾಗಲೆಲ್ಲ ಇವಳು ತಾನಿರುವ ಜಾಗವನ್ನು ನೋಡಿರುತ್ತಾಳೆ. ದಿನವೂ ನೋಡಿರುತ್ತಾಳೆ.

“ಗೊತ್ತಿದ್ದೂ ಒಂದು ಮಾತು ಹೇಳಲಿಲ್ವಲ್ಲೇ,” ಅಂದಳು.

ಸೊಸೆ ಕಪ್ಪು ಕಿಟಕಿಯ ಕಡೆ ಬೆರಳು ಮಾಡಿದಳು. ಹೆಸರುಗಳೆಲ್ಲ ಒಂದರ ಕೆಳಗೊಂದು ನಿಂತಿದ್ದವು. “ಇಲ್ಲಿ ಎಲ್ಲರೂ ಒಂದೇ ಸಾಲು ಅತ್ತೆ. ಅದಕ್ಕೇ ನಾನು ಇದರಲ್ಲೇ ಕೆಲಸ ಮಾಡ್ತಿದ್ದೆ.”

ಟೇಪಮ್ಮನ ಕಣ್ಣು ತುಂಬಿ ಸಾಲುಗಳು ಕಲಸಿಹೋದವು. ಅಷ್ಟು ಮೈಗಳ ಡೊಂಕು ಮುಚ್ಚಿದವಳಿಗೆ ತನ್ನ ಮನಸ್ಸಿನ ಡೊಂಕು ಮುಚ್ಚಲು ಒಂದು ಮಡಿಕೆ ಸಿಗಲಿಲ್ಲ. ತಪ್ಪಾಯ್ತು ಕಣೇ ಅಂದಳು, ಅಡುಗೆಮನೆ ಬಾಗಿಲಲ್ಲಿ ನುಂಗಿದ್ದ ಮಾತನ್ನು ಈಗ ಎರಡು ಸಲ ಅಂದಳು. ಆಮೇಲೆ ಕೀಲಿಮಣೆಯನ್ನು ತನ್ನ ಕಡೆಗೆ ಎಳೆದುಕೊಂಡಳು. ಆ ಕಿಟಕಿಯನ್ನು ಆಕೆ ಮುಟ್ಟಿದ್ದು ಅದೇ ಮೊದಲು. ಹೆಸರು ಬದಲಿಸುವ ಮಾತನ್ನು ಸೊಸೆ ಕುಟ್ಟಿಕೊಟ್ಟು, ಕೊನೆಯ ಜಾಗ ಖಾಲಿ ಬಿಟ್ಟಳು.

ಟೇಪಮ್ಮ ಒಂದೇ ಬೆರಳಿನಿಂದ ಅಕ್ಷರ ಹುಡುಕಿ ಹುಡುಕಿ ಒತ್ತಿದಳು. ಸೊಸೆ ಅಂತ ಒತ್ತಲಿಲ್ಲ. ಇವಳೇ ಅಂತಲೂ ಅಲ್ಲ. ಮದುವೆಯ ಕಾಗದದಲ್ಲಿ ಒಂದು ಸಲ ಓದಿ ಬಿಟ್ಟಿದ್ದ ಆ ಹೆಸರನ್ನು ಬಾಯಲ್ಲಿ ಒಂದೊಂದೇ ಅಕ್ಷರ ಅಂದುಕೊಳ್ಳುತ್ತಾ ಒತ್ತಿದಳು. ನಡುವೆ ಒಂದು ಅಕ್ಷರ ತಪ್ಪಿತು, ಸೊಸೆ ಮೆಲ್ಲಗೆ ಸರಿ ಮಾಡಿದಳು. ಮುಗಿದ ಮೇಲೆ ಕೊರಳಿನ ಟೇಪು ತೆಗೆದು ಕೈಯಲ್ಲಿ ಹಿಡಿದು, ಎದ್ದು ನಿಲ್ಲು, ಆ ಕೋಟು ಈಗ ನಿನಗೆ ಭುಜದಲ್ಲಿ ಬಿಗಿಯಾಗಿರಬೇಕು ಎಂದಳು. ಸೊಸೆ ಎದ್ದು ಕನ್ನಡಿಯ ಮುಂದೆ ಬಂದು ನಿಂತಳು.